ಪದ ಪರಿಚಯ: ಆತಂಕಸಹಿತ ಖಿನ್ನತೆ

ಖಿನ್ನತೆ ಅಂದಕೂಡಲೇ ಮೂಲೆ ಹಿಡಿದು ಮಾತಿಲ್ಲದೆ ಕೂತವರು ಕಣ್ಣಿಗೆ ಬರುತ್ತಾರೆ. ರಾಯಚೂರು, ಕೊಪ್ಪಳದ ಕಡೆ ಆಸ್ಪತ್ರೆಗೆ ಬರುವ ಎಷ್ಟೋ ಮಂದಿ ಹೇಳುವುದೇ ಬೇರೆ: ‘ಎದಿ ಡಬಡಬ ಅಂತೈತ್ರಿ, ಒಂದ್ಕಡಿ ಕುಂದ್ರಾಕ ಆಗವಲ್ದು, ಏನೋ ಕೆಟ್ಟದ್ದಾಗ್ತೈತಿ ಅನಸ್ತೈತಿ.’ ಇಸಿಜಿ ಸರಿ ಬರುತ್ತದೆ, ಗ್ಯಾಸಿನ ಗುಳಿಗೆ ಕೈಗೆ ಬರುತ್ತದೆ. ಊಟ ಸೇರದೆ, ನಸುಕಿನಲ್ಲೇ ಎಚ್ಚರವಾಗಿ, ಯಾವುದರಲ್ಲೂ ಮನಸ್ಸಿಲ್ಲದೆ ತಿಂಗಳು ಕಳೆದದ್ದನ್ನು ಯಾರೂ ಕೇಳಿರುವುದಿಲ್ಲ. ಇಂಥ ಸ್ಥಿತಿಗೇ ಆತಂಕಸಹಿತ ಖಿನ್ನತೆ ಎನ್ನುವುದು.

ಮೊದಲು ಖಿನ್ನತೆ ಖಚಿತವಾಗಬೇಕು: 9 ಲಕ್ಷಣಗಳಲ್ಲಿ ಕನಿಷ್ಠ 5, ಎರಡು ವಾರ, ಅದರಲ್ಲಿ ಬೇಸರ ಇಲ್ಲವೇ ನಿರಾಸಕ್ತಿ ಇರಲೇಬೇಕು. ಆಮೇಲೆ ಆತಂಕದ ಲೆಕ್ಕ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್‌ಎಂ-5 ಕೈಪಿಡಿ ಐದು ಲಕ್ಷಣ ಹೇಳುತ್ತದೆ: ಮೈಮನಸ್ಸು ಬಿಗಿದುಕೊಂಡಂತಿರುವುದು, ವಿಪರೀತ ಚಡಪಡಿಕೆ, ಚಿಂತೆಯಿಂದ ಕೆಲಸದಲ್ಲಿ ಗಮನ ನಿಲ್ಲದಿರುವುದು, ಘೋರವಾದದ್ದೇನೋ ಆಗಿಬಿಡುತ್ತದೆಂಬ ಭಯ, ನನ್ನ ಮೇಲೆ ನನಗೇ ಹಿಡಿತ ತಪ್ಪುತ್ತದೆಂಬ ಅಂಜಿಕೆ. ಹೆಚ್ಚಿನ ದಿನಗಳಲ್ಲಿ ಎರಡಿದ್ದರೆ ಸೌಮ್ಯ, ಮೂರಿದ್ದರೆ ಮಧ್ಯಮ. ನಾಲ್ಕೋ ಐದೋ ಇದ್ದು, ಕೈ ಹೊಸಕುತ್ತ ಮನೆಯೊಳಗೇ ಓಡಾಡುತ್ತಿದ್ದರೆ ತೀವ್ರ.

ಚಿಂತೆ ಎಲ್ಲರಿಗೂ ಇರುತ್ತದಲ್ಲ? ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತ ನೀರು ಬರುತ್ತದೋ ಇಲ್ಲವೋ ಎಂದು ನಿದ್ದೆಗೆಟ್ಟರೆ ಅದು ರೋಗವಲ್ಲ. ಭತ್ತದ ಗದ್ದೆಗೆ ನೀರು ಹಾಯ್ದ ರಾತ್ರಿ ಅವನಿಗೆ ನಿದ್ದೆ ಬರುತ್ತದೆ. ನೀರು ಹಾಯ್ದ ಮೇಲೂ ಭಯ ಹಾಗೇ ಉಳಿದು, ಬೆಳಿಗ್ಗೆ ಸಾಲಕ್ಕೆ, ಮಧ್ಯಾಹ್ನ ಮಗಳ ಮದುವೆಗೆ, ರಾತ್ರಿ ತನ್ನ ಎದೆಬಡಿತಕ್ಕೆ ಹೋಗಿ ಅಂಟಿಕೊಳ್ಳುತ್ತಿದ್ದರೆ ಅದನ್ನು ಲಕ್ಷಣವೆಂದು ನೋಡಬೇಕು.

ಈ ಹೆಸರು ಬೇಕಾದದ್ದು ಯಾಕೆಂದರೆ, ಆತಂಕ ಬೆರೆತ ಖಿನ್ನತೆ ಹೆಚ್ಚು ದಿನ ಎಳೆಯುತ್ತದೆ, ಔಷಧಿಗೆ ಬೇಗ ಬಗ್ಗುವುದಿಲ್ಲ, ಆತ್ಮಹತ್ಯೆಯ ಅಪಾಯವೂ ಹೆಚ್ಚು. ಥೈರಾಯ್ಡ್, ರಕ್ತಹೀನತೆ, ಕುಡಿತ ಬಿಟ್ಟಾಗಿನ ನಡುಕವೂ ಹೀಗೇ ಕಾಣುವುದರಿಂದ ಅವನ್ನು ಮೊದಲು ನೋಡಬೇಕು. ಎರಡೇ ತಾಸು ಮಲಗಿಯೂ ದಣಿವಿಲ್ಲದ ದಿನಗಳು ಹಿಂದೆ ಬಂದಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ. ಅದು ಬೈಪೋಲಾರ್ (ಖಿನ್ನತೆ ಒಮ್ಮೆ, ಅತಿ ಉತ್ಸಾಹ ಒಮ್ಮೆ ಬರುವ ಕಾಯಿಲೆ) ಇದ್ದರೂ ಇರಬಹುದು, ಆಗ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ.

ಎಷ್ಟೋ ಸಲ ಚಿಕಿತ್ಸೆ ಕೆಡುವುದು ಮೊದಲ ವಾರದಲ್ಲೇ. ಎಸ್ಸಿಟಲೊಪ್ರಾಮ್, ಸರ್ಟ್ರಲಿನ್‌ನಂಥ ಖಿನ್ನತೆಯ ಗುಳಿಗೆಗಳು ಆರಂಭದಲ್ಲಿ ಕೆಲವರಿಗೆ ಚಡಪಡಿಕೆಯನ್ನೇ ಹೆಚ್ಚಿಸುತ್ತವೆ. ‘ಗುಳಿಗಿ ತಗೊಂಡ ಮ್ಯಾಲ ಜಾಸ್ತಿ ಆತು’ ಎಂದು ನಾಲ್ಕನೇ ದಿನಕ್ಕೇ ಬಿಡುವವರು ಬಹಳ. ಅದಕ್ಕೇ ಆತಂಕ ಹೆಚ್ಚಿದ್ದವರಿಗೆ ವೈದ್ಯರು ಎಸ್ಸಿಟಲೊಪ್ರಾಮನ್ನು 10 ಮಿ.ಗ್ರಾಂ ಬದಲು 5ರಿಂದ ಶುರುಮಾಡುವುದುಂಟು. ಗುಣ ಕಾಣಲು 2ರಿಂದ 4 ವಾರ, ಪೂರ್ತಿ ತಿಳಿಯಲು 6 ವಾರ ಬೇಕು. ಸಂಕಟ ತಡೆಯಲಾಗದಿದ್ದರೆ ಗುಳಿಗೆ ಬಿಡುವ ಮೊದಲು ವೈದ್ಯರನ್ನು ಕೇಳಿ. ಗುಣವಾದ ಮೇಲೂ ಕನಿಷ್ಠ 6 ತಿಂಗಳು ಮುಂದುವರಿಸಬೇಕು. ಅಲ್ಪ್ರಜೋಲಮ್ ತಕ್ಷಣ ಸಮಾಧಾನ ಕೊಡುತ್ತದೆ, ಆದರೆ ಖಿನ್ನತೆಯನ್ನು ವಾಸಿಮಾಡುವುದಿಲ್ಲ. ಹಳೆ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ತಿಂಗಳುಗಟ್ಟಲೆ ಕೊಂಡರೆ ಅದೇ ಚಟವಾಗುತ್ತದೆ. ಮಾತಿನ ಚಿಕಿತ್ಸೆಯೂ ಜೊತೆಗಿದ್ದರೆ ಒಳ್ಳೆಯದು.

ಇದಕ್ಕಾಗಿ ಬೆಂಗಳೂರಿಗೇ ಹೋಗಬೇಕಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಮನೋರೋಗಗಳಿಗೆ ಚಿಕಿತ್ಸೆ ಕೊಡಿಸಿದರು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ‘ಬಳ್ಳಾರಿ ಮಾದರಿ’ಯೇ ತಳಹದಿ. ಇಂದು ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಹಗಲುರಾತ್ರಿ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು.

ಮನೆಯವರಿಗೆ ಎರಡು ಕೆಲಸ. ‘ಸಾಯಬೇಕು ಅನಸ್ತೈತೇನು?’ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ವಿಚಾರ ಹುಟ್ಟುವುದಿಲ್ಲ. ಹತ್ತಿ, ಮೆಣಸಿನಕಾಯಿಗೆ ಹೊಡೆಯುವ ಎಣ್ಣೆಯ (ಕೀಟನಾಶಕದ) ಡಬ್ಬಿಗಳನ್ನು ಅಟ್ಟದ ಮೇಲಿಂದ ಇಳಿಸಿ ಬೇರೆಯವರ ಮನೆಯಲ್ಲಿ ಬೀಗ ಹಾಕಿಸಿ, ಕೀಲಿ ಅವರ ಹತ್ತಿರವೇ ಇರಲಿ.