ರಾತ್ರಿ ಮೀನು ನೋಡುವಾಗ ಟಾರ್ಚ್ ಎತ್ತ ಹಿಡಿಯಬೇಕು?

ಅಕ್ವೇರಿಯಂ ಮೀನುಗಳಿಗೆ ಕಣ್ಣಿನ ರೆಪ್ಪೆ ಇಲ್ಲ. ಮಲಗಿದೆಯೋ ಎಚ್ಚರವಿದೆಯೋ ಎಂದು ತಿಳಿಯಲು ಕಿವಿರು ನೋಡಬೇಕು. ನಿದ್ದೆಯಲ್ಲಿ ಕಿವಿರಿನ ಮುಚ್ಚಳ ನಿಧಾನವಾಗಿ ಆಡುತ್ತದೆ. ಹಗಲಲ್ಲಿ ಅರ್ಧ ನಿಮಿಷಕ್ಕೆ ಎಷ್ಟು ಸಲ ತೆರೆಯಿತು ಎಂದು ಬರೆದಿಡಿ. ರಾತ್ರಿ ಅದೇ ಮೀನಿನದನ್ನು ಮತ್ತೆ ಎಣಿಸಿ.

ಕತ್ತಲಲ್ಲಿ ಎಣಿಸುವುದು ಹೇಗೆ? ಮೊದಮೊದಲು ನಾನು ಸುಮ್ನೆ ಲೈಟ್ ಹಾಕಿಬಿಡುತ್ತಿದ್ದೆ. ಒಂದು ರಾತ್ರಿ ನಿಯಾನ್ ಟೆಟ್ರಾ ಎಂಬ ನೀಲಿ ಪಟ್ಟಿಯ ಪುಟ್ಟ ಮೀನುಗಳು ಗಾಬರಿಬಿದ್ದು ಗಾಜಿಗೆ ಬಡಿದವು. ಒಂದರ ಮೂತಿ ತರಚಿತು. ತುಂಬಾ ಸಂಕಟವಾಯಿತು. ಬೆಳಕು ಬಿದ್ದ ಕೂಡಲೇ ನಮ್ಮ ಪಾಪೆ ಕಿರಿದಾಗುತ್ತದೆ, ಅಲ್ವಾ? ಹೆಚ್ಚಿನ ಮೀನುಗಳಿಗೆ ಆ ಅನುಕೂಲ ಇಲ್ಲ. ಕಣ್ಣಿನ ಒಳಪರದೆಯ ಕೋಶಗಳೇ ಹಿಂದೆ ಮುಂದೆ ಸರಿದು ಬೆಳಕಿಗೆ ಹೊಂದಿಕೊಳ್ಳಬೇಕು. ಅದಕ್ಕೆ ಹತ್ತಾರು ನಿಮಿಷ ಹಿಡಿಯುತ್ತದೆ.

ಹಾಗಾಗಿ ನಮ್ಮ ಕಣ್ಣನ್ನೇ ಕತ್ತಲಿಗೆ ಒಗ್ಗಿಸಬೇಕು. ಮೊದಲು ಟ್ಯಾಂಕ್ ಲೈಟ್ ಆರಿಸಿ, ಅರ್ಧ ಗಂಟೆ ಬಿಟ್ಟು ರೂಮಿನದು. ಆಮೇಲೆ 20 ನಿಮಿಷ ಮೊಬೈಲ್ ಮುಟ್ಟದೆ ಕೂತಿರಿ. ಕುರ್ಚಿ ಎಳೆಯಬೇಡಿ. ಮೀನಿನ ಎರಡೂ ಪಕ್ಕೆಯಲ್ಲಿ ಅಲುಗಾಟ ಗ್ರಹಿಸುವ ಒಂದು ಗೆರೆ ಇರುತ್ತದೆ, ನೀರು ಅಲುಗಿದರೆ ಅದಕ್ಕೆ ಥಟ್ಟನೆ ತಿಳಿಯುತ್ತದೆ. ಟಾರ್ಚ್‌ಗೆ ಕೆಂಪು ಗ್ಲಾಸ್ ಪೇಪರ್ ಎರಡು ಸುತ್ತು ಸುತ್ತಿ, ಟ್ಯಾಂಕಿಗಲ್ಲ, ಗೋಡೆಗೆ ಹಿಡಿಯಿರಿ. ಮೀನಿಗೆ ಕೆಂಪು ಕಾಣುವುದೇ ಇಲ್ಲ ಎಂಬ ಮಾತನ್ನು ನಂಬಬೇಡಿ. ಗೋಲ್ಡ್‌ಫಿಶ್‌ಗೆ ಚೆನ್ನಾಗಿಯೇ ಕಾಣುತ್ತದೆ. ಬೆಳಕು ಮಂದವಾಗಿರುವುದೇ ಮುಖ್ಯ.

ಹೀಗೆ ಕೂತ ಮೊದಲ ರಾತ್ರಿಯೇ ನಮ್ಮ ಸಕ್ಕರ್ ಮೀನು ಮರದ ತುಂಡಿನ ಹಿಂದಿನಿಂದ ಹೊರಬಂತು. ಹಗಲೆಲ್ಲ ಅಡಗಿರುವ ಮೀನು ಅದು. ನನ್ನ ಮುಖದೆದುರೇ ಗಾಜಿಗೆ ಅಂಟಿಕೊಂಡು, ಉಂಗುರದಂಥ ಬಾಯಿಯಿಂದ ಪಾಚಿ ಕೆರೆಯುತ್ತಾ ಮೆಲ್ಲಗೆ ಮೇಲೇರಿತು. ಉಸಿರು ಬಿಗಿಹಿಡಿದು ನೋಡಿದೆ.

ಮೈಸೂರಿನವರಿಗೆ ಒಂದು ಮಾತು. ದಸರಾ ದೀಪಾಲಂಕಾರದ ಬೆಳಕು ನಮ್ಮ ಕಿಟಕಿಯಿಂದ ನೇರ ಟ್ಯಾಂಕಿಗೇ ಬೀಳುತ್ತಿತ್ತು. ಅಜ್ಜಿ ತಮ್ಮ ಹಳೇ ಸೀರೆ ತಂದುಕೊಟ್ಟು, "ಹೊದಿಸು ಮಗಾ, ಅವಕ್ಕೂ ನಿದ್ದೆ ಬೇಡ್ವಾ?" ಅಂದರು. ಮೇಲೆ ಗಾಳಿಯಾಡಲು ಜಾಗ ಬಿಟ್ಟು, ಕಿಟಕಿ ಕಡೆಯ ಗಾಜಿಗೆ ಮಾತ್ರ ಇಳಿಬಿಟ್ಟೆವು.

ಟೆಟ್ರಾದ ಬಣ್ಣ ರಾತ್ರಿ ಮಾಸುತ್ತದೆ, ಆದರೆ ಕೆಂಪು ಬೆಳಕಲ್ಲಿ ಅದನ್ನು ಅಳೆಯಲಾಗದು. ಬೆಳಗಿನ ಮೊದಲ ಬೆಳಕಲ್ಲಿ ನೋಡಿ. ಪೇಲವವಾದ ಪಟ್ಟಿಗೆ ನೀಲಿ ಹೊಳಪು ಮೆಲ್ಲಗೆ ಮರಳುತ್ತದೆ. ಅದೇ ಹೊತ್ತಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿವೆಯಾ ಎಂದೂ ಗಮನಿಸಿ. ರಾತ್ರಿಯೆಲ್ಲ ಗಿಡಗಳೂ ಆಮ್ಲಜನಕ ಬಳಸಿರುತ್ತವೆ. ಕರೆಂಟು ಹೋಗಿ ಏರ್ ಪಂಪ್ ನಿಂತಿದ್ದರಂತೂ ಬೆಳಗಿನ ಜಾವವೇ ಅವಕ್ಕೆ ಜಾಸ್ತಿ ಕಷ್ಟ.