ಕೈಗುಣ ಅಲ್ಲ, ಬೆಣ್ಣೆಯ ಬಿಸಿ

ಪೈ ಅಂದರೆ ಮೈದಾ-ಬೆಣ್ಣೆಯ ಪದರ ಪದರವಾದ ಹಿಟ್ಟಿನೊಳಗೆ ಹಣ್ಣು ತುಂಬಿ ಓವನ್ನಿನಲ್ಲಿ ಬೇಯಿಸುವ ತಿಂಡಿ. ಅದು ಹದವಾಗಿ ಬರದಿದ್ದರೆ ಕಾಸರಗೋಡಿನ ನಮ್ಮ ಬದಿಯಡ್ಕ, ಪೆರ್ಲದ ಕಡೆ ಒಂದೇ ಮಾತು: “ಅದಕ್ಕೆಲ್ಲ ಕೈಗುಣ ಬೇಕು ಮಾರಾಯ್ತಿ.” ಉಪ್ಪಿನಕಾಯಿ ಹಾಳಾದರೂ ಕೈಗುಣ, ಮಲ್ಲಿಗೆ ಹೂ ಬಿಡದಿದ್ದರೂ ಕೈಗುಣ. ಕೇಳಿ ಕೇಳಿ ಸಾಕಾಗಿದೆ. ಪೈ ಮಟ್ಟಿಗೆ ಕೈಯಲ್ಲಿರುವುದು ಗುಣ ಅಲ್ಲ, ಬಿಸಿ. ಅಂಗೈ ಸುಮಾರು 33 ಡಿಗ್ರಿ ಬೆಚ್ಚಗಿರುತ್ತದೆ. ಬೆಣ್ಣೆ ಕರಗಲು ಹೆಚ್ಚುಕಡಿಮೆ ಅಷ್ಟೇ ಸಾಕು. ಏಪ್ರಿಲ್‌ನಲ್ಲಿ ಕಾಸರಗೋಡಿನ ಅಡುಗೆಮನೆಯೂ ಅಷ್ಟೇ ಬಿಸಿ!

ಕರಗಿದರೆ ಏನಂತೆ? ಸ್ವಾರಸ್ಯ ಇರುವುದೇ ಅಲ್ಲಿ. ಅಂಗಡಿಯ ಬೆಣ್ಣೆಯಲ್ಲಿ ನೂರಕ್ಕೆ 80 ಪಾಲು ಕೊಬ್ಬು, ಸುಮಾರು 16 ಪಾಲು ನೀರು. ಮೈದಾದೊಳಗೆ ಈ ಬೆಣ್ಣೆ ಕಡಲೆಕಾಳಿನಷ್ಟು ತುಂಡುಗಳಾಗಿ, ಗಟ್ಟಿಯಾಗೇ ಉಳಿಯಬೇಕು. ಲಟ್ಟಿಸಿದಾಗ ತುಂಡುಗಳು ಚಪ್ಪಟೆಯಾಗಿ ಹಿಟ್ಟಿನ ಪದರಗಳ ನಡುವೆ ಕೂರುತ್ತವೆ. 200 ಡಿಗ್ರಿಯ ಓವನ್ನಿಗೆ ಹೋದ ಮೇಲೆ ಬೆಣ್ಣೆ ಕರಗುತ್ತದೆ, ಅದು ಕೂತಿದ್ದ ಜಾಗ ಖಾಲಿಯಾಗುತ್ತದೆ. ಬೆಣ್ಣೆಯ ನೀರು, ಹಿಟ್ಟಿನ ನೀರು ಎರಡೂ ಆವಿಯಾಗುತ್ತವೆ. ಆವಿಯಾದ ನೀರು ಸುಮಾರು 1,600 ಪಟ್ಟು ಜಾಗ ಕೇಳುತ್ತದೆ. ಅದು ಮೇಲಿನ ಪದರವನ್ನು ಎತ್ತಿ ಹಿಡಿಯುತ್ತದೆ. ಅಷ್ಟರಲ್ಲಿ ಹಿಟ್ಟು ಬೆಂದು ಗಟ್ಟಿಯಾದರೆ, ಎತ್ತಿದ್ದು ಎತ್ತಿದ ಹಾಗೇ ನಿಲ್ಲುತ್ತದೆ. ಬೆಣ್ಣೆ ಮೊದಲೇ ಕರಗಿದರೆ ಹಿಟ್ಟು ಅದನ್ನು ಹೀರಿಕೊಂಡು ಮುಗಿಯಿತು. ಪದರ ಬಿಡಿಸಿಕೊಳ್ಳಲು ಸಂದೇ ಇಲ್ಲ.

ತೆಂಗಿನ ನಾಡಲ್ವಾ, ತೆಂಗಿನೆಣ್ಣೆ ಆಗದಾ ಅಂತ ಕೇಳುವವರಿದ್ದಾರೆ. ಅದು 24-25 ಡಿಗ್ರಿಗೇ ಕರಗುತ್ತದೆ. ಬೆಣ್ಣೆಗಿಂತ ಕಷ್ಟ.

ಇನ್ನೊಂದು ತಕರಾರು ನಾದುವುದರದ್ದು. ನಮ್ಮ ಹೋಟೆಲುಗಳಲ್ಲಿ ಪರೋಟದ ಹಿಟ್ಟನ್ನು ಬಡಿದು, ಎಳೆದು, ಬೀಸುವುದನ್ನು ನೋಡಿದವರು ಪೈ ಹಿಟ್ಟಿಗೂ ಅದೇ ಶಾಸ್ತಿ ಮಾಡುತ್ತಾರೆ. ಮೈದಾದ ಎರಡು ಪ್ರೊಟೀನುಗಳು ನೀರು ಸೇರಿದಾಗ ಹೆಣೆದುಕೊಂಡು ಗ್ಲುಟೆನ್ ಆಗುತ್ತವೆ. ನಾದಿದಷ್ಟೂ ಅದು ಬಲಿಯುತ್ತದೆ. ಪರೋಟಕ್ಕೆ ಅದು ಬೇಕು, ಪೈಗೆ ಬೇಡ. ಹಾಗಾಗಿ ತೂಕದಲ್ಲಿ ಮೂರು ಪಾಲು ಮೈದಾ, ಎರಡು ಪಾಲು ಬೆಣ್ಣೆ, ಒಂದು ಪಾಲು ಐಸ್ ನೀರು. ಅದೂ ಚಮಚ ಚಮಚವಾಗಿ. ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ ಮೈದಾ ಗಾಳಿಯ ತೇವ ಕುಡಿದಿರುತ್ತದೆ, ಇನ್ನೂ ಕಡಿಮೆ ಸಾಕು. ಉಂಡೆ ಕಟ್ಟಿದೊಡನೆ ಕೈ ತೆಗೆದು ಫ್ರಿಜ್ಜಿಗಿಡಿ.

ಇಲ್ಲಿಂದ ತೆಂಕಕ್ಕೆ, ತಲಶ್ಶೇರಿಯಲ್ಲಿ ಬೇಕರಿಯ ಮಾಂಬಳ್ಳಿ ಬಾಪು 1883ರಲ್ಲೇ ಮರ್ಡಾಕ್ ಬ್ರೌನ್ ಎಂಬ ತೋಟದ ದೊರೆಗೆ ಕ್ರಿಸ್ಮಸ್ ಕೇಕ್ ಮಾಡಿಕೊಟ್ಟರು. ಕೇಕ್ ಮಲಬಾರಿನ ಬೇಕರಿಗಳಿಗೆಲ್ಲ ಹಬ್ಬಿತು. ಪೈ ಹಬ್ಬಲಿಲ್ಲ. ಬೆಣ್ಣೆ ತಣ್ಣಗಿಡಲು ಐಸ್ ಸಿಗದಿದ್ದುದೇ ಕಾರಣ ಇರಬೇಕು ಅಂತ ನನ್ನ ಲೆಕ್ಕ. ಕೇಕಿಗೆ ಮೆತ್ತಗಾದ ಬೆಣ್ಣೆಯೇ ಬೇಕು, ನಮ್ಮ ಸೆಕೆ ಅದಕ್ಕೆ ಅನುಕೂಲ.

ಒಳಗೇನು ತುಂಬುವುದು? ಹಸಿ ಹಣ್ಣು ಬಿಸಿಗೆ ನೀರು ಬಿಟ್ಟು ತಳವನ್ನು ಪಿಚಿಪಿಚಿ ಮಾಡುತ್ತದೆ. ಅದಕ್ಕೇ ಕಾರ್ನ್‌ಫ್ಲೋರ್ ಸುರಿಯುತ್ತಾರೆ. ನಮಗೆ ಆ ರಗಳೆ ಯಾಕೆ? ಹಲಸಿನ ಹಣ್ಣಿನ ಪೆರಟಿ ಇದೆಯಲ್ಲ! ಬೆಲ್ಲ ಹಾಕಿ, ಸೌಟು ತಿರುಗಿಸಲಾಗದಷ್ಟು ಕಾಸಿದ್ದು. ನೀರೆಲ್ಲ ಕಾಸುವ ಉರುಳಿ ಪಾತ್ರೆಯಲ್ಲೇ ಆರಿರುತ್ತದೆ. ಪೂರ್ತಿ ತಣಿದ ಪೆರಟಿಯನ್ನೇ ತುಂಬಿ, ಇಲ್ಲವಾದರೆ ಕೆಳಗಿನ ಬೆಣ್ಣೆ ಓವನ್ ಸೇರುವ ಮೊದಲೇ ಕರಗುತ್ತದೆ. ತಟ್ಟೆಯನ್ನು ಓವನ್ನಿನ ಕೆಳಗಿನ ಅಂತಸ್ತಿನಲ್ಲಿಡಿ, ತಳಕ್ಕೇ ಮೊದಲು ಕಾವು ತಾಗಲಿ.