ತರಂಗಾಂತರದ ಹಂಚಿಕೆ: 1ಜಿಯಿಂದ 5ಜಿವರೆಗೆ

ಮೊಬೈಲ್ ಜಾಲದ ತಲೆಮಾರುಗಳನ್ನು ನಾವು ಸಾಮಾನ್ಯವಾಗಿ ವೇಗದಿಂದ ಅಳೆಯುತ್ತೇವೆ. ಆದರೆ ಎಂಜಿನಿಯರುಗಳನ್ನು ಪ್ರತಿ ತಲೆಮಾರಿನಲ್ಲೂ ಕಾಡಿದ ಪ್ರಶ್ನೆ ಬೇರೆಯೇ: ಮಿತವಾದ ರೇಡಿಯೊ ತರಂಗಾಂತರವನ್ನು, ಒಬ್ಬರ ಮಾತು ಇನ್ನೊಬ್ಬರ ಮಾತಿಗೆ ಅಡ್ಡಬಾರದಂತೆ, ಲಕ್ಷಾಂತರ ಜನರಿಗೆ ಹಂಚುವುದು ಹೇಗೆ?

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1947ರಲ್ಲೇ ಇದಕ್ಕೊಂದು ಮೂಲ ಉತ್ತರ ಮೂಡಿತ್ತು. ಒಂದು ಪ್ರದೇಶವನ್ನು ಸಣ್ಣ ಕೋಶಗಳಾಗಿ ವಿಂಗಡಿಸಿ, ಪ್ರತಿ ಕೋಶಕ್ಕೂ ಕಡಿಮೆ ಶಕ್ತಿಯ ಗೋಪುರವನ್ನು ನಿಲ್ಲಿಸಿದರೆ, ಅದೇ ಆವರ್ತನವನ್ನು ಸಾಕಷ್ಟು ದೂರದ ಮತ್ತೊಂದು ಕೋಶದಲ್ಲಿ ಪುನಃ ಬಳಸಬಹುದು. 1979ರಲ್ಲಿ ಟೋಕಿಯೊದಲ್ಲಿ, 1983ರಲ್ಲಿ ಶಿಕಾಗೋದಲ್ಲಿ ಆರಂಭವಾದ 1ಜಿ ಜಾಲಗಳು ಈ ತತ್ತ್ವವನ್ನೇ ಆಧರಿಸಿದ್ದವು. ಧ್ವನಿ ಅಲ್ಲಿ ಅನಲಾಗ್ ರೂಪದಲ್ಲಿ, ಅಂದರೆ ನಿರಂತರವಾಗಿ ಏರಿಳಿಯುವ ಅಲೆಯಾಗಿ, ಸಾಗುತ್ತಿತ್ತು. ಕರೆ ಮುಗಿಯುವವರೆಗೂ ಅದರ ಆವರ್ತನ ಬೇರೆಯವರಿಗೆ ಸಿಗುತ್ತಿರಲಿಲ್ಲ.

1991ರಲ್ಲಿ ಫಿನ್ಲೆಂಡಿನಲ್ಲಿ ಚಾಲನೆಗೊಂಡ ಜಿಎಸ್ಎಂ, ಅಂದರೆ 2ಜಿ, ಧ್ವನಿಯನ್ನು ಅಂಕಿಗಳಾಗಿಸಿ ಕಾಲವನ್ನೂ ಹಂಚತೊಡಗಿತು. 200 ಕಿಲೋಹರ್ಟ್ಸ್‌ನ ಒಂದು ವಾಹಕದಲ್ಲಿ, ಅಂದರೆ ಸಂಕೇತವನ್ನು ಹೊತ್ತೊಯ್ಯುವ ರೇಡಿಯೊ ಅಲೆಯಲ್ಲಿ, ಎಂಟು ಫೋನುಗಳು ಸರದಿಯಂತೆ, ತಲಾ 577 ಮೈಕ್ರೊಸೆಕೆಂಡುಗಳಷ್ಟು ಹೊತ್ತು ಮಾತ್ರ ಸಂಕೇತ ಕಳುಹಿಸುತ್ತವೆ. ಕರೆ ಬರುವ ಮುನ್ನ ಹತ್ತಿರದ ಸ್ಪೀಕರಿನಲ್ಲಿ ಕೇಳಿಸುತ್ತಿದ್ದ ಗುರ್ರೆಂಬ ಸದ್ದು, ಸೆಕೆಂಡಿಗೆ ಸುಮಾರು 217 ಬಾರಿ ಬರುವ ಈ ಸರದಿಯದೇ ಸದ್ದು. ದೂರದ ಫೋನಿನ ಸಂಕೇತ ಗೋಪುರವನ್ನು ತಡವಾಗಿ ಮುಟ್ಟಿ ಪಕ್ಕದವರ ಸರದಿಗೆ ನುಗ್ಗದಿರಲೆಂದು, ಅದು ತುಸು ಮೊದಲೇ ಹೊರಡುವಂತೆ ಜಾಲ ಸೂಚಿಸುತ್ತದೆ. ಹೀಗೆ ಸರಿಹೊಂದಿಸಲು ಒಂದು ಮಿತಿಯಿರುವುದರಿಂದಲೇ ಜಿಎಸ್ಎಂ ಕೋಶದ ವ್ಯಾಪ್ತಿ ಸಾಮಾನ್ಯವಾಗಿ 35 ಕಿಲೋಮೀಟರಿಗೆ ನಿಲ್ಲುತ್ತದೆ.

2001ರಲ್ಲಿ ಜಪಾನಿನಲ್ಲಿ ವಾಣಿಜ್ಯ ಸೇವೆಯಾಗಿ ಬಂದ 3ಜಿ, ನನ್ನ ದೃಷ್ಟಿಯಲ್ಲಿ ಇವೆಲ್ಲದರಲ್ಲಿ ಅತ್ಯಂತ ದಿಟ್ಟ ಕಲ್ಪನೆ. ಎಲ್ಲರೂ ಒಂದೇ 5 ಮೆಗಾಹರ್ಟ್ಸ್ ಅಗಲದ ಆವರ್ತನ ಪಟ್ಟಿಯಲ್ಲಿ, ಒಂದೇ ಹೊತ್ತಿನಲ್ಲಿ ಸಂಕೇತ ಕಳುಹಿಸುತ್ತಾರೆ; ಪ್ರತಿಯೊಬ್ಬರ ಸಂಕೇತವೂ ಬೇರೆ ಬೇರೆ ಗಣಿತೀಯ ಸಂಕೇತಾವಳಿಯೊಂದಿಗೆ ಬೆರೆತಿರುತ್ತದೆ. ಆ ಸಂಕೇತಾವಳಿ ತಿಳಿದಿರುವ ಗ್ರಾಹಕ ಸಾಧನಕ್ಕೆ ತನಗೆ ಬೇಕಾದುದು ಸ್ಪಷ್ಟವಾಗುತ್ತದೆ, ಉಳಿದದ್ದೆಲ್ಲ ಕೇವಲ ಗದ್ದಲವಾಗುತ್ತದೆ. ಆದರೆ ಗೋಪುರದ ಬುಡದಲ್ಲಿರುವ ಫೋನು ಜೋರಾಗಿ ಪ್ರಸಾರ ಮಾಡಿದರೆ ದೂರದವರ ಸಂಕೇತ ಮುಳುಗಿಹೋಗುತ್ತದೆ. ಅದಕ್ಕಾಗಿ ಜಾಲವು ಪ್ರತಿ ಫೋನಿನ ಶಕ್ತಿಯನ್ನು ಸೆಕೆಂಡಿಗೆ 1500 ಬಾರಿ ಹೆಚ್ಚಿಸುತ್ತ ತಗ್ಗಿಸುತ್ತ ಇರುತ್ತದೆ.

2009ರ ಕೊನೆಯಲ್ಲಿ ಸ್ಟಾಕ್‌ಹೋಮ್ ಮತ್ತು ಓಸ್ಲೊ ನಗರಗಳಿಗೆ ಬಂದ 4ಜಿ, ದತ್ತಾಂಶವನ್ನು 15 ಕಿಲೋಹರ್ಟ್ಸ್ ಅಂತರದ ನೂರಾರು ಉಪವಾಹಕಗಳಲ್ಲಿ ಹರಡಿ ಕಳುಹಿಸುತ್ತದೆ. ಕರೆಗಾಗಿ ದಾರಿಯನ್ನು ಮೀಸಲಿಡುವ ಪದ್ಧತಿಯನ್ನೇ ಅದು ಕೈಬಿಟ್ಟಿತು. ಹಾಗಾಗಿ ಧ್ವನಿಯನ್ನೂ ಇಂಟರ್ನೆಟ್ ಪ್ಯಾಕೆಟ್ಟುಗಳಾಗಿ ಕಳುಹಿಸುವ ವ್ಯವಸ್ಥೆ ನೆಲೆಯೂರುವ ತನಕ, 4ಜಿ ಫೋನುಗಳು ಕರೆ ಬಂದಾಗ ಹಳೆಯ ಜಾಲಕ್ಕೆ ಇಳಿಯಬೇಕಾಗಿತ್ತು.

ದಕ್ಷಿಣ ಕೊರಿಯಾ ಮತ್ತು ಅಮೆರಿಕದಲ್ಲಿ 2019ರಲ್ಲಿ ಆರಂಭವಾದ 5ಜಿ ಫೋನ್ ಸೇವೆಯು ಇದೇ ಉಪವಾಹಕಗಳ ವಿಧಾನವನ್ನು ಮುಂದುವರಿಸಿ, ದಿಕ್ಕನ್ನು ಹಂಚುವುದಕ್ಕೆ ಒತ್ತು ಕೊಟ್ಟಿದೆ. ಗೋಪುರದಲ್ಲಿ ಸಾಲಾಗಿ ಕೂಡಿಸಿದ ಹತ್ತಾರು ಆಂಟೆನಾಗಳು ರೇಡಿಯೊ ಅಲೆಗಳನ್ನು ಕಿರಿದಾದ ಕಿರಣಗಳಾಗಿ ಬೇರೆ ಬೇರೆ ಫೋನುಗಳತ್ತ ತಿರುಗಿಸುವುದರಿಂದ, ಒಂದೇ ಆವರ್ತನ ಒಂದೇ ಕೋಶದೊಳಗೆ ಏಕಕಾಲಕ್ಕೆ ಹಲವರಿಗೆ ಒದಗುತ್ತದೆ. 24 ಗಿಗಾಹರ್ಟ್ಸ್‌ಗಿಂತ ಮೇಲಿನ ಪಟ್ಟಿಗಳಲ್ಲಿ ಜಾಗವೇನೋ ಧಾರಾಳವಾಗಿದೆ. ಆದರೆ ಅಲ್ಲಿನ ಅಲೆಗಳನ್ನು ಗೋಡೆಯಷ್ಟೇ ಅಲ್ಲ, ಮರದ ಎಲೆಗಳೂ ತಡೆಯುತ್ತವೆ. ಆದ್ದರಿಂದ 5ಜಿಯ ಬಹುಪಾಲು ಬಳಕೆ ಇನ್ನೂ 6 ಗಿಗಾಹರ್ಟ್ಸ್‌ಗಿಂತ ಕೆಳಗಿನ ಪಟ್ಟಿಗಳಲ್ಲೇ ನಡೆಯುತ್ತಿದೆ.